ಯಾತಕ್ಕೆ ಎಂದು ಕೇಳಬೇಕು

ಜನವರಿ 9

ಪುಟ್ಟಿಗೆ,

ಕವರಿನ ಮೇಲಿನ ಅಕ್ಷರ ನೋಡಿಯೇ ಹರಿದು ಹಾಕಬೇಡ. ಹಾಕುವುದಾದರೆ ಓದಿ ಹಾಕು. ನಿನ್ನ ಮನೆ ಎಲ್ಲಿದೆಯೋ ನನಗೆ ಗೊತ್ತಿಲ್ಲ, ಫೋನ್ ನಂಬರನ್ನು ಯಾರೂ ಕೊಡಲಿಲ್ಲ. ನಗರಸಭೆಯ ಲೈಸೆನ್ಸ್ ವಿಭಾಗದಲ್ಲಿ ಕೆಲಸ ಎಂದು ನಿನ್ನ ಸೋದರತ್ತೆ ಬಾಯಿ ಜಾರಿ ಹೇಳಿದಳು. ಅದಕ್ಕೇ ಆಫೀಸಿನ ವಿಳಾಸಕ್ಕೆ ಬರೆದಿದ್ದೇನೆ. ಆರು ವರ್ಷದ ಮೇಲೆ ಬರೆಯುವಾಗಲೂ ಈ ಮುದುಕನಿಗೆ ತನ್ನ ಕೆಲಸದ್ದೇ ಚಿಂತೆ ಎಂದು ಬೈದುಕೋ. ವಿಷಯ ಕೆಲಸದ್ದೇ.

ಸ್ಪ್ರಿಂಗ್ ಕಾರ್ಖಾನೆಯವರು ಹಾರ ಹಾಕಿ ಮನೆಗೆ ಕಳಿಸಿ ಎರಡು ವರ್ಷವಾಯಿತು. ನಲವತ್ತು ವರ್ಷ ಕಬ್ಬಿಣ ಮುಟ್ಟಿದ ಕೈ ಸುಮ್ಮನೆ ಕೂರುತ್ತದೆಯೇ? ಹಿತ್ತಲಿನ ಶೆಡ್ಡಿನಲ್ಲಿ ಒಂದು ಸಣ್ಣ ಕುಲುಮೆ ಹಾಕಿಕೊಂಡೆ. ಕಬ್ಬಿಣ ಇಟ್ಟು ಬಡಿಯಲು ರೈಲು ಕಂಬಿಯ ತುಂಡೇ ನನ್ನ ಅಡಿಗಲ್ಲು. ಗುಜರಿಯಿಂದ ಮುರಿದ ಲಾರಿ ಸ್ಪ್ರಿಂಗಿನ ಪಟ್ಟಿ ತಂದು ಚಾಕು ಮಾಡುತ್ತೇನೆ. ಬೆಂಕಿಗೆ ಇಟ್ಟ ಪಟ್ಟಿ ಮೊದಲು ಕಪ್ಪಗಿರುತ್ತದೆ, ಆಮೇಲೆ ಹೆಪ್ಪುಗಟ್ಟಿದ ರಕ್ತದ ಬಣ್ಣ, ಆಮೇಲೆ ಕಿತ್ತಳೆ. ಕಿತ್ತಳೆ ಬಂದ ತಕ್ಷಣ ಹೊಡೆಯಬೇಕು. ತಡ ಮಾಡಿದರೆ ಎಷ್ಟು ಬಡಿದರೂ ನಮ್ಮ ಮಾತು ಕೇಳುವುದಿಲ್ಲ. ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದಿದಾಗ ಅದು ಕಿರುಚುತ್ತದೆ. ಕಿರುಚದಿದ್ದರೆ ಹದ ಬಂದಿಲ್ಲ ಎಂದೇ ತಿಳಿ.

ಮೊದಲನೆಯದನ್ನು ನನಗೇ ಮಾಡಿಕೊಂಡೆ. ಎದುರಿನ ಹೋಟೆಲಿನ ಅಡುಗೆಯವನು ನೋಡಿ ತನಗೊಂದು ಬೇಕೆಂದ. ಅವನ ಕೈಯಲ್ಲಿ ನೋಡಿ ಮೀನು ಮಾರುವವಳು ಬಂದಳು, ಅವಳ ಹಿಂದೆ ಚಪ್ಪಲಿ ಹೊಲಿಯುವವನು. ನಾನು ದುಡ್ಡು ಕೇಳಿದವನಲ್ಲ, ಕೊಟ್ಟರೆ ಬೇಡ ಎಂದವನೂ ಅಲ್ಲ. ಪಕ್ಕದ ಮನೆಯ ಮೇಷ್ಟರಿಗೆ ಸದ್ದು ಆಗುವುದಿಲ್ಲವಂತೆ, ಅರ್ಜಿ ಹಾಕಿದ್ದಾರೆ. ಮೊನ್ನೆ ಇಲ್ಲಿಯ ಲೈಸೆನ್ಸ್ ಆಫೀಸಿನಿಂದ ಒಬ್ಬ ಬಂದು, “ಇದು ಹವ್ಯಾಸಾನಾ, ವ್ಯಾಪಾರಾನಾ?” ಎಂದು ಕೇಳಿದ. “ನನಗೇನ್ ಗೊತ್ತು, ಸುತ್ತಿಗೇನೇ ಕೇಳಿ” ಎಂದೆ. ಅವನು ನಗಲಿಲ್ಲ. ನಿಮ್ಮ ಇಲಾಖೆಯಲ್ಲಿ ನಗುವವರನ್ನು ಸೇರಿಸಿಕೊಳ್ಳುವುದಿಲ್ಲವೇನೋ.

ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ಎಷ್ಟು ಚಾಕು ಆದರೆ ಹವ್ಯಾಸ ಹೋಗಿ ವ್ಯಾಪಾರವಾಗುತ್ತದೆ? ಒಂದು ಸಾಲು ಬರೆದರೂ ಸಾಕು.

ಅಪ್ಪ


ಜನವರಿ 28

ಅಪ್ಪ ಅವರಿಗೆ,

ನಿಮ್ಮ ಪ್ರಶ್ನೆಗೆ ಇಷ್ಟು ಎಂಬ ಸಂಖ್ಯೆ ಇಲ್ಲ. ಕೌಂಟರಿಗೆ ಬರುವವರೆಲ್ಲ ಸಂಖ್ಯೆಯನ್ನೇ ಕೇಳುತ್ತಾರೆ. ಮನೆಯಲ್ಲಿ ಮೇಣದ ಬತ್ತಿ ಮಾಡುವವರು, ಗಿಳಿ ಸಾಕುವವರು, ಸ್ವೆಟರ್ ಹೆಣೆಯುವವರು, ಎಲ್ಲರಿಗೂ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಒಂದು ಸಲ ಮಾಡಿದ್ದನ್ನು ಯಾರೂ ವ್ಯಾಪಾರ ಎನ್ನುವುದಿಲ್ಲ. ಮತ್ತೆ ಮತ್ತೆ ಮಾಡುತ್ತೀರಾ, ಅದಕ್ಕೆಂದೇ ಜಾಗ ಮತ್ತು ಸಲಕರಣೆ ಇಟ್ಟುಕೊಂಡಿದ್ದೀರಾ, ಮುಂದೆಯೂ ಮಾಡುವ ಉದ್ದೇಶವಿದೆಯೇ, ಅದರಿಂದ ನಿಮಗೆ ಏನಾದರೂ ದಕ್ಕುತ್ತದೆಯೇ ಎಂದು ನೋಡುತ್ತೇವೆ. ಬೋರ್ಡು ಇಲ್ಲದಿದ್ದರೂ ಪರವಾಗಿಲ್ಲ. ಬೇರೊಬ್ಬರು ಹೇಳಿದ ಅಳತೆಗೆ ಮಾಡಿಕೊಟ್ಟಿರಿ ಎಂದರೆ, ನಮ್ಮ ಆಫೀಸಿನ ಮಟ್ಟಿಗೆ ನೀವು ಹೊಸ್ತಿಲು ದಾಟಿದಿರಿ.

ನೀವು ಬರೆದದ್ದನ್ನು ನೋಡಿದರೆ ನಿಮ್ಮದು ವ್ಯಾಪಾರವೇ. ಫಾರಂ ಇಟ್ಟಿದ್ದೇನೆ, ತುಂಬಿ ನಿಮ್ಮ ಊರಿನ ಆಫೀಸಿಗೆ ಕೊಡಿ. ಚಾಕುವಿನ ವಿಷಯದಲ್ಲಿ ಇನ್ನೊಂದು ನಿಯಮವಿದೆ. ಅಂಗೈಗಿಂತ ಉದ್ದದ ಅಲಗನ್ನು ಮಾಡಿಕೊಡುವವರು, ಕೊಳ್ಳುವವರನ್ನು ಯಾತಕ್ಕೆ ಎಂದು ಕೇಳಬೇಕು, ಕೇಳಿ ಬರೆದಿಟ್ಟುಕೊಳ್ಳಬೇಕು. ಉತ್ತರ ಸರಿ ಕಾಣದಿದ್ದರೆ ಕೊಡಬಾರದು. ಫಾರಂನ ಎರಡನೆಯ ಪುಟದಲ್ಲಿ ಅದಕ್ಕೆ ಕಾಲಂ ಇದೆ. ಅದನ್ನು ಖಾಲಿ ಬಿಡಬೇಡಿ.

ಇನ್ನು ಮುಂದೆ ಬರೆಯುವುದಿದ್ದರೆ ಕೆಳಗಿರುವ ಪೋಸ್ಟ್ ಬಾಕ್ಸ್ ನಂಬರಿಗೆ ಬರೆಯಿರಿ, ಆಫೀಸಿಗೆ ಬೇಡ.

ಅಮ್ಮ ನನ್ನ ಜೊತೆಗಿದ್ದಾರೆ. ನೀವು ಕೇಳದ ಪ್ರಶ್ನೆಗೆ ಇದು ಉತ್ತರ.

ನಿಮ್ಮ ಮಗಳು


ಮಾರ್ಚ್ 3

ಪುಟ್ಟಿಗೆ,

ನಿನ್ನ ಕಾಗದ ಓದಿದೆ. ಯಾರೋ ಅಪರಿಚಿತರಿಗೆ ಬರೆದ ಹಾಗಿದೆ. ಇರಲಿ, ಬಂತಲ್ಲ. ಎರಡು ಸಲ ಓದಿ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದೇನೆ. ಫಾರಂ ತುಂಬಿಲ್ಲ. ತಂದೆಯ ಹೆಸರು, ಅಜ್ಜನ ಹೆಸರು, ಹುಟ್ಟಿದ ಗಳಿಗೆ, ಇಷ್ಟೆಲ್ಲ ನನ್ನ ಮದುವೆಯಲ್ಲೂ ಕೇಳಿರಲಿಲ್ಲ.

ಕೆಲಸ ಕೈ ತುಂಬ ಇದೆ. ಬಂದರಿನ ಕ್ರೇನ್ ಡ್ರೈವರ್ ಒಬ್ಬ ಗುರುತಾಗಿದ್ದಾನೆ. ಒಳ್ಳೆಯ ಆಳು, ಮಾತು ಕಡಿಮೆ. ಬಂದರೆ ಸುಮ್ಮನೆ ಕೂರುವುದಿಲ್ಲ, ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಾನೆ. ಸಿಗರೇಟ್ ಪ್ಯಾಕಿನ ಹಿಂದೆ ಒಂದು ಚಿತ್ರ ಬರೆದುಕೊಂಡು ಬಂದಿದ್ದ. ಸಪೂರ ಅಲಗು, ಉದ್ದ ಒಂದು ಗೇಣಿಗೆ ಎರಡು ಬೆರಳು ಕಡಿಮೆ, ಮೊನೆಯ ಹತ್ತಿರ ಎರಡೂ ಕಡೆ ಬಾಯಿ. ನಾನು ಈವರೆಗೆ ಹೀಗೆ ಮಾಡಿರಲಿಲ್ಲ. ಎರಡು ಸಲ ಬಿರುಕು ಬಿಟ್ಟಿತು. ಮೂರನೆಯ ಸಲ ಬಂತು ನೋಡು, ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ. ಕಾಗದವನ್ನು ಗಾಳಿಯಲ್ಲಿ ಬಿಟ್ಟು ಕತ್ತರಿಸಿದೆ. ಜೀವಮಾನದಲ್ಲಿ ಅಂಥದ್ದೊಂದು ಮಾಡಿದರೆ ಸಾಕು.

ಮೇಷ್ಟರ ಜೊತೆ ಸ್ವಲ್ಪ ಮಾತಾಯಿತು. ಮತ್ತೆ ಅರ್ಜಿ ಹಾಕುತ್ತೇನೆಂದರು. ಕೈಯಲ್ಲಿದ್ದ ಇಕ್ಕಳ ಹೇಗೋ ಹೋಗಿ ಅವರ ಕಿಟಕಿಗೆ ಬಿತ್ತು. ಗಾಜು ಸಿಡಿದು ಅವರ ಹುಬ್ಬು ಹರಿದು ನಾಲ್ಕು ಹೊಲಿಗೆ ಬಿತ್ತು. ಸಣ್ಣ ಮಾತು, ಬಿಡು. ನಿಜ ಹೇಳಬೇಕೆಂದರೆ ನನಗೆ ಈಗ ಸಿಟ್ಟು ಬರುವುದೇ ಇಲ್ಲ. ಇರುವುದೆಲ್ಲ ಕಬ್ಬಿಣಕ್ಕೆ ಹೋಗುತ್ತದೆ.

ಅವಳು ಹೇಗಿದ್ದಾಳೆ ಎಂದು ಕೇಳಿದರೆ ನೀನು ಕಾಗದ ನಿಲ್ಲಿಸುತ್ತೀಯೋ ಎಂದು ಕೇಳುತ್ತಿಲ್ಲ.

ಅಪ್ಪ


ಏಪ್ರಿಲ್ 19

ಅಪ್ಪ ಅವರಿಗೆ,

ನಿನ್ನೆ ಮಧ್ಯಾಹ್ನ ಇಬ್ಬರು ಪೊಲೀಸರು ನನ್ನ ಕೌಂಟರಿಗೆ ಬಂದರು. ಒಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನನ್ನ ಜನವರಿಯ ಕಾಗದ, ಮೇಲೆ ಮೊಳೆಯ ತೂತು. ಇದು ನಿಮ್ಮ ಅಕ್ಷರವೇ ಎಂದು ಕೇಳಿದರು. ಸಾಲಿನಲ್ಲಿ ನಿಂತಿದ್ದವರೆಲ್ಲ ನೋಡುತ್ತಿದ್ದರು. ಹೌದು ಎಂದೆ.

ನಿಮ್ಮನ್ನು ಹಿಡಿದುಕೊಂಡು ಹೋದವರು ನಿಮಗೆ ಎಷ್ಟು ಹೇಳಿದ್ದಾರೋ ಗೊತ್ತಿಲ್ಲ. ನನಗೆ ಪೂರ್ತಿ ಹೇಳಿದರು. ನಾನು ಬೇಡ ಎಂದರೂ ಹೇಳಿದರು, ಆದ್ದರಿಂದ ನೀವೂ ಓದಿ. ಏಪ್ರಿಲ್ ಹನ್ನೊಂದು, ಸಂಜೆ ನಾಲ್ಕೂವರೆ, ಬಟ್ಟೆ ಕಾರ್ಖಾನೆಯ ಗೇಟು. ನಿಮ್ಮ ಕ್ರೇನ್ ಡ್ರೈವರ್ ಅಂಗಿಯ ತೋಳಿನೊಳಗೆ ಚಾಕು ಇಟ್ಟುಕೊಂಡು ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾದಿದ್ದ. ಅವನ ಹೆಂಡತಿ ಅಲ್ಲಿ ಟೈಲರ್. ಡಿಸೆಂಬರಿನಲ್ಲಿ ಅವನನ್ನು ಬಿಟ್ಟು ಅಕ್ಕನ ಮನೆ ಸೇರಿಕೊಂಡಿದ್ದಳು. ಶಿಫ್ಟ್ ಬಿಟ್ಟಿತು. ಅಕ್ಕ ತಂಗಿ ಇಬ್ಬರೂ ಅಲ್ಲೇ ಕೆಲಸ ಮಾಡುವವರು, ಒಟ್ಟಿಗೆ ಹೊರಗೆ ಬಂದರು. ಅವನು ಮೊದಲ ಏಟು ಹೆಂಡತಿಯ ಕುತ್ತಿಗೆಗೆ ಹಾಕಿದ, ಅವಳು ಬಾಗಿದಳು, ಕೆನ್ನೆ ಕಿವಿಯವರೆಗೆ ಸೀಳಿತು. ಎರಡನೆಯ ಏಟಿಗೆ ಅವಳು ಅಲಗನ್ನೇ ಬಲಗೈಯಲ್ಲಿ ಹಿಡಿದುಕೊಂಡಳು. ಅವನು ಎಳೆದ. ಎರಡು ಬೆರಳು ನೆಲಕ್ಕೆ ಬಿದ್ದವು. ಅಕ್ಕ ನಡುವೆ ನುಗ್ಗಿದಳು. ಅವಳಿಗೆ ಪಕ್ಕೆಲುಬಿನ ಕೆಳಗೆ ಒಂದೇ ಏಟು. ಅವಳಿಗೆ ಏಟು ಬಿದ್ದದ್ದೇ ಗೊತ್ತಾಗಲಿಲ್ಲವಂತೆ. ಅವನನ್ನು ದೂಡಿಕೊಂಡು ಹತ್ತು ಹೆಜ್ಜೆ ಹೋಗಿ, ಆಮೇಲೆ ಕೂತಳು, ಆಮೇಲೆ ಮಲಗಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಗೇಟಿನ ಕಾವಲುಗಾರ ಸೈಕಲ್ ಎತ್ತಿ ಹಾಕಿ ಅವನನ್ನು ಕೆಡವಿದ. ಹೆಂಗಸರು ಟಿಫಿನ್ ಡಬ್ಬಿಗಳಲ್ಲಿ ಅವನ ಹಲ್ಲು ಉದುರುವಂತೆ ಬಡಿದರು. ಅವನು ಬದುಕಿದ್ದಾನೆ.

ಚಾಕುವನ್ನು ನೋಡಿದ ಡಾಕ್ಟರು, ಇಷ್ಟು ಒಳ್ಳೆಯ ಅಲಗು ಅಂಗಡಿಯಲ್ಲಿ ಸಿಗುವುದಿಲ್ಲ ಎಂದರಂತೆ. ಹಾಗೆಂದು ಆ ಪೊಲೀಸರೇ ಹೇಳಿದರು.

ನನ್ನದು ಒಂದೇ ಪ್ರಶ್ನೆ. ಯಾತಕ್ಕೆ ಎಂದು ಕೇಳಿದಿರಾ?

ನಿಮ್ಮ ಮಗಳು


ಮೇ 2

ಪುಟ್ಟಿಗೆ,

ಅಕ್ಷರ ಸೊಟ್ಟಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಜಾಮೀನು ಸಿಕ್ಕಿ ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಸತ್ತವಳ ಗಂಡ ಬಂದ, ಜೊತೆಗೆ ಇನ್ನಿಬ್ಬರು. ಅವನು ಗಾರೆ ಕೆಲಸದವನು, ಕೈ ಗೋಡೆಯಂತಿದೆ. ಬಾಗಿಲು ಬಡಿಯಲಿಲ್ಲ, ಬಾಗಿಲನ್ನೇ ಕಿತ್ತ. ಶೆಡ್ಡಿಗೆ ಎಳೆದುಕೊಂಡು ಹೋದರು. ಕುಲುಮೆ ಒಡೆದರು, ತಿದಿಯನ್ನು ತುಳಿದು ಹರಿದರು. ಗೋಡೆಗೆ ತೂಗುಹಾಕಿದ್ದ ಚಾಕುಗಳನ್ನೆಲ್ಲ ಕಂಬಿಯ ಮೇಲಿಟ್ಟು ಒಂದೊಂದಾಗಿ ಮುರಿದರು. ಆಮೇಲೆ ಇಬ್ಬರು ನನ್ನ ಬಲಗೈಯನ್ನು ಅದೇ ಕಂಬಿಯ ಮೇಲೆ ಒತ್ತಿ ಹಿಡಿದರು. ಅವನು ನನ್ನ ದೊಡ್ಡ ಸುತ್ತಿಗೆ ತೆಗೆದುಕೊಂಡ. “ಇದ್ರಲ್ಲೇ ತಾನೇ ಮಾಡಿದ್ದು?” ಎಂದು ಕೇಳಿದ. ಹೌದು ಎಂದೆ. ಮೂರು ಏಟು ಹಾಕಿದ. ಮೊದಲ ಏಟಿಗೆ ಸದ್ದು ಕೇಳಿಸಿತು, ನೋವು ಬರಲಿಲ್ಲ. ಎರಡನೆಯದಕ್ಕೆ ನಾನು ಉಚ್ಚೆ ಹೊಯ್ದುಕೊಂಡೆ. ಮೂರನೆಯದು ನೆನಪಿಲ್ಲ. ಎಚ್ಚರವಾದಾಗ ಮೇಷ್ಟರು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹುಬ್ಬಿನ ಹೊಲಿಗೆಯ ಗುರುತು ಇನ್ನೂ ಮಾಸಿರಲಿಲ್ಲ.

ನಾನು ದೂರು ಕೊಟ್ಟಿಲ್ಲ. ಬಿದ್ದೆ ಎಂದು ಹೇಳಿದೆ.

ಈಗ ಮುಖ್ಯವಾದ ಮಾತು. ವಕೀಲರು ಹೇಳುವುದು ಇಷ್ಟು. ವ್ಯಾಪಾರ ಎಂದಾದರೆ, ಯಾತಕ್ಕೆ ಎಂದು ಕೇಳುವ ಹೊಣೆ ನನ್ನ ಮೇಲೆ ಬರುತ್ತದೆ, ಜೈಲು ತಪ್ಪುವುದಿಲ್ಲ. ಹವ್ಯಾಸ ಎಂದಾದರೆ, ಮುದುಕನೊಬ್ಬ ಹೊತ್ತು ಹೋಗಲೆಂದು ಮಾಡಿದ ಚಾಕುವನ್ನು ಗುರುತಿನವನಿಗೆ ಸುಮ್ಮನೆ ಕೊಟ್ಟ, ಅಷ್ಟೇ. ಅಡ್ಡ ಬಂದಿರುವುದು ನಿನ್ನ ಕಾಗದ. ನಿನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಎಲ್ಲರಿಗೂ ಬರೆಯುವ ಮಾಮೂಲಿ ಉತ್ತರ ಅದು, ಅಪ್ಪ ಏನು ಮಾಡುತ್ತಿದ್ದಾರೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ ಎಂದುಬಿಡು. ನನ್ನ ಕಾಗದಗಳು ಇದ್ದರೆ ಒಲೆಗೆ ಹಾಕು. ಹೆತ್ತ ಅಪ್ಪನಿಗೆ ಇಷ್ಟು ಮಾಡಲಾರೆಯಾ?

ನೀನು ಕೇಳಿದ್ದಕ್ಕೆ ಉತ್ತರ: ಕೇಳಿದೆ. ಅಡುಗೆಗೆ ಎಂದ.

ಅಪ್ಪ


ಮೇ 24

ಅಪ್ಪ ಅವರಿಗೆ,

ಎರಡು ದಿನ ರಜೆ ಹಾಕಿ ನಿಮ್ಮ ಊರಿಗೆ ಬಂದಿದ್ದೆ. ನಿಮ್ಮನ್ನು ನೋಡಲು ಅಲ್ಲ. ಆಸ್ಪತ್ರೆಗೆ, ಅವನ ಹೆಂಡತಿಯ ಹತ್ತಿರ ಹೋಗಿದ್ದೆ.

ಕೆನ್ನೆಯ ಹೊಲಿಗೆ ಬಿಚ್ಚಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ನೀರು ಕುಡಿದರೆ ಆ ಕಡೆಯಿಂದ ಸೋರುತ್ತದೆ, ಟವೆಲಿನಲ್ಲಿ ಒರೆಸಿಕೊಳ್ಳುತ್ತಾಳೆ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು, ಉಂಗುರದ ಬೆರಳು ಉಳಿದಿವೆ. ನನಗಿಂತ ಮೂರು ವರ್ಷ ಚಿಕ್ಕವಳು. ನಾನು ಯಾರೆಂದು ಬಾಗಿಲಲ್ಲೇ ಹೇಳಿದೆ. ಹೊರಗೆ ಹೋಗು ಎನ್ನುತ್ತಾಳೆ ಎಂದುಕೊಂಡೆ. ಕುರ್ಚಿ ತೋರಿಸಿದಳು.

ತುಂಬ ಹೊತ್ತು ಅಕ್ಕನ ವಿಷಯವನ್ನೇ ಹೇಳಿದಳು. ಅಕ್ಕನಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತಂತೆ, ಸೂಜಿ ಚುಚ್ಚಿಕೊಂಡರೂ ಇವಳೇ ಬಟ್ಟೆ ಕಟ್ಟಬೇಕಿತ್ತಂತೆ. ಆಮೇಲೆ ನಾನು ಕೇಳದೆಯೇ ಹೇಳಿದಳು. ಫೆಬ್ರವರಿ ಕೊನೆಯಲ್ಲಿ ಒಂದು ದಿನ ಗಂಡ ಅಕ್ಕನ ಮನೆಯ ಬಾಗಿಲಿಗೆ ಬಂದಿದ್ದ. ಇವಳು ಚಿಲಕ ತೆಗೆಯಲಿಲ್ಲ. ಬಾಗಿಲಿನ ಹೊರಗೆ ನಿಂತೇ ಮಾತಾಡಿದ. ಅವನು ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ.

“ನಿನಗೇ ಅಂತ ಒಂದು ಮಾಡಿಸ್ತಾ ಇದೀನಿ. ಮಾಡೋನಿಗೂ ಹೇಳಿದೀನಿ ಯಾರಿಗೆ ಅಂತ. ಅವನೂ ನಕ್ಕ.”

ಅವಳು ಸ್ಟೇಷನ್ನಿಗೆ ಹೋಗಿದ್ದಳು. ಬಾಯಿಮಾತಿಗೆಲ್ಲ ಕೇಸ್ ಹಾಕಲಾಗುವುದಿಲ್ಲ, ಗಂಡ ಹೆಂಡತಿ ಜಗಳ ಎಂದು ಕಳಿಸಿದರು. “ನಿಮ್ಮಪ್ಪ ಯಾಕೆ ನಕ್ಕಿದ್ದು? ಅದೊಂದು ನನಗೆ ಗೊತ್ತಾಗ್ಬೇಕು” ಎಂದಳು. ನೀರು ಕುಡಿಸಿ ಬಂದೆ.

ಅಡುಗೆಗೆ ಎಂದ ಎಂದು ಬರೆದಿದ್ದೀರಿ.

ನಿಮಗೆ ಇನ್ನೊಂದು ವಿಷಯ ಹೇಳಬೇಕು. ದಿನವೂ ನನ್ನ ಕೌಂಟರಿನಲ್ಲಿ ಜನರನ್ನು ಕೇಳುತ್ತೇನೆ. ಮತ್ತೆ ಮತ್ತೆ ಮಾಡುತ್ತೀರಾ, ಅದಕ್ಕೆಂದೇ ತಯಾರಿ ಇದೆಯೇ, ಉದ್ದೇಶವಿದೆಯೇ, ಅದರಿಂದ ನಿಮಗೆ ಏನು ದಕ್ಕುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ಇದೇ ಪ್ರಶ್ನೆಗಳನ್ನು ನಿಮ್ಮ ಇನ್ನೊಂದು ಕೆಲಸಕ್ಕೆ ಹಾಕಿ ನೋಡಿದೆ. ಅಮ್ಮನಿಗೆ ಹೊಡೆಯುವ ಮೊದಲು ನೀವು ಕಿಟಕಿ ಹಾಕುತ್ತಿದ್ದಿರಿ. ರೇಡಿಯೋ ಜೋರು ಮಾಡುತ್ತಿದ್ದಿರಿ. ಆಮೇಲೆ ವಾಚ್ ಬಿಚ್ಚಿ, ಬೆಲ್ಟನ್ನು ಸುತ್ತಿ, ಮೇಜಿನ ಮೇಲೆ ಇಡುತ್ತಿದ್ದಿರಿ. ಸಿಟ್ಟು ತಡೆಯಲಾರದವನು ವಾಚ್ ಬಿಚ್ಚುವುದಿಲ್ಲ, ಅಪ್ಪ. ಕೆಲಸಕ್ಕೆ ಕೂರುವವನು ಬಿಚ್ಚುತ್ತಾನೆ. ಕೂದಲನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಮುಖಕ್ಕೆ ಬೀಳದ ಹಾಗೆ, ಮರುದಿನ ನೀರಿಗೆ ಹೋಗುವಾಗ ಬೀದಿಯವರಿಗೆ ಕಾಣದ ಹಾಗೆ ಹೊಡೆಯುತ್ತಿದ್ದಿರಿ. ಮುಗಿದ ಮೇಲೆ ನಿಮಗೆ ಒಳ್ಳೆಯ ಹಸಿವಾಗುತ್ತಿತ್ತು. ನಾನು ಮಂಚದ ಕೆಳಗಿನಿಂದ ನಿಮ್ಮ ಕಾಲುಗಳನ್ನು ನೋಡುತ್ತಿದ್ದೆ.

ನಿಮ್ಮ ಕಾಗದಗಳನ್ನು ಒಲೆಗೆ ಹಾಕುವುದಿಲ್ಲ. ಸಾಕ್ಷಿಗೆ ಕರೆದರೆ ಬರುತ್ತೇನೆ, ಬರೆದದ್ದನ್ನೇ ಹೇಳುತ್ತೇನೆ.

ಮಗಳು


ಜೂನ್ 30

ಪುಟ್ಟಿಗೆ,

ಒಂದು ತಿಂಗಳು ನಿನ್ನ ಕಾಗದವನ್ನು ತೆಗೆಯುವುದು, ಮಡಚುವುದು ಮಾಡಿದೆ. ಬೈದು ಎರಡು ಕಾಗದ ಬರೆದು ಹರಿದೆ. ಕುಲುಮೆ ಇದ್ದಿದ್ದರೆ ಕಬ್ಬಿಣಕ್ಕೆ ಬಡಿಯುತ್ತಿದ್ದೆ. ಕುಲುಮೆಯೂ ಇಲ್ಲ, ಕೈಯೂ ಇಲ್ಲ. ಪ್ಲಾಸ್ಟರ್ ಬಿಚ್ಚಿದರು, ಬೆರಳು ಮಡಚುವುದಿಲ್ಲ. ಮೇಷ್ಟರು ದಿನಾ ಊಟ ತಂದು ಇಟ್ಟು ಹೋಗುತ್ತಾರೆ, ಮಾತಾಡುವುದಿಲ್ಲ. ಅವರು ಬೈದರೆ ನನಗೆ ಹಗುರವಾಗುತ್ತಿತ್ತು, ಅದು ಗೊತ್ತಿದ್ದೇ ಬೈಯುವುದಿಲ್ಲ ಎಂದು ಕಾಣುತ್ತದೆ.

ಆದದ್ದನ್ನು ಹೇಳುತ್ತೇನೆ. ಮೊದಲೆರಡು ಅಲಗು ಬಿರುಕು ಬಿಟ್ಟ ಮೇಲೆ ಅವನು ಒಂದು ಮಧ್ಯಾಹ್ನ ಬಂದ. ಮೂರನೆಯದು ಬೆಂಕಿಯಲ್ಲಿತ್ತು. ಅವನು ತಿದಿ ಒತ್ತುತ್ತ ಕೂತಿದ್ದ. ನಿನ್ನ ಕಾಗದ ಎದುರಿನ ಗೋಡೆಯಲ್ಲೇ ಇತ್ತು, ಅದರ ಮೇಲೆ ಕಣ್ಣು ಬಿತ್ತು. ತಮಾಷೆಗೆ ಕೇಳಿದೆ.

“ನನ್ನ ಮಗಳ ಆಫೀಸಿನವ್ರು ಕೇಳ್ಬೇಕು ಅಂತಾರಪ್ಪ. ಯಾತಕ್ಕಿದು?”

“ಬಿಟ್ಟು ಹೋದಳಲ್ಲ, ಅವಳಿಗೆ” ಎಂದ. ಮುಖ ಬೆಂಕಿಯ ಕಡೆಗೇ ಇತ್ತು.

ನಾನು ನಕ್ಕೆ. ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ ಎಂದು ವಕೀಲರಿಗೆ ಹೇಳಿದ್ದೇನೆ. ಅದು ಸುಳ್ಳು. ಅವನ ದನಿ ಕೇಳಿದವರು ಯಾರೂ ತಮಾಷೆ ಎನ್ನುವುದಿಲ್ಲ. ನಾನು ನಕ್ಕು, “ಹಂಗಾದ್ರೆ ಮೊನೆ ಇನ್ನೂ ಸಣ್ಣ ಮಾಡ್ಬೇಕು” ಎಂದೆ. ಮಾಡಿದೆ.

ಯಾಕೆ ನಕ್ಕದ್ದು ಎಂದು ಅವಳು ಕೇಳಿದಳು ಅಂದೆಯಲ್ಲ. ಉತ್ತರ ಇದು. ಅವತ್ತು ಅವನು ನನ್ನ ಮನಸ್ಸಿನಲ್ಲಿದ್ದದ್ದನ್ನೇ ಬಾಯಿಬಿಟ್ಟು ಹೇಳಿದ ಹಾಗಾಯಿತು. ಆರು ವರ್ಷದ ಹಿಂದೆ ನೀನು ನಿನ್ನ ಅಮ್ಮನ ಕೈ ಹಿಡಿದುಕೊಂಡು ಒಂದು ಬಟ್ಟೆ ಗಂಟಿನ ಜೊತೆ ಹೋದ ಮೇಲೆ ನಾನು ಖಾಲಿ ಮನೆಯಲ್ಲಿ ಏನೇನು ಯೋಚಿಸಿದೆ ಎಂದು ನಿನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಆ ಅಲಗನ್ನು ಬಡಿಯುವಾಗ ನನ್ನ ಕಣ್ಣ ಮುಂದೆ ಇದ್ದವಳು ಅವನ ಹೆಂಡತಿಯಲ್ಲ. ಅದಕ್ಕೇ ಅದು ಅಷ್ಟು ಚೆನ್ನಾಗಿ ಬಂತು.

ಇದನ್ನು ಬರೆದ ಮೇಲೆ ಎದ್ದು ಹಿತ್ತಲಿಗೆ ಹೋದೆ. ಮತ್ತೆ ಬಂದು ಬರೆಯುತ್ತಿದ್ದೇನೆ.

ನಿನ್ನ ಅಮ್ಮನ ಮೇಲೆ ಒಂದೆರಡು ಸಲ ಕೈ ಮಾಡಿದ್ದು ನಿಜ. ಇಲ್ಲ ಎನ್ನುವುದಿಲ್ಲ.

ವಿಚಾರಣೆ ಆಗಸ್ಟ್ ಇಪ್ಪತ್ತಾರಕ್ಕೆ. ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ. ಜೈಲೆಂದರೆ ನನಗೆ ಭಯ. ಈ ಕೈ ಇಟ್ಟುಕೊಂಡು ಅಲ್ಲಿ ಹೇಗಿರಲಿ?

ಅಪ್ಪ


ಜುಲೈ 12

ಕಾಗದ ತಲುಪಿತು. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಒಂದು ಸಾಲನ್ನು ಬಿಟ್ಟು ಓದಲು ನೋಡಿದೆ, ಅಮ್ಮನಿಗೆ ಗೊತ್ತಾಯಿತು, ಮತ್ತೆ ಓದಿಸಿದರು.

ಇಪ್ಪತ್ತಾರರಂದು ನಾನು ಬರುತ್ತೇನೆ. ನಿಮ್ಮ ಈ ಕಾಗದವನ್ನೂ ತರುತ್ತೇನೆ. ನನ್ನ ಸರದಿ ನಿಮಗಿಂತ ಮೊದಲು ಬಂದರೆ ನಾನು ಹೇಳಬೇಕಾಗುತ್ತದೆ. ಅದಕ್ಕಿಂತ ಮೊದಲು ನೀವೇ ಹೇಳಿ. ನಿಮಗೋಸ್ಕರ ಈ ಒಂದನ್ನು ಮಾತ್ರ ಕೇಳಿಕೊಳ್ಳುತ್ತಿದ್ದೇನೆ.

ಮಗಳು


ಸೆಪ್ಟೆಂಬರ್ 21

ನಿಮಗೆ,

ನಾನು ಯಾರೆಂದು ಅಕ್ಷರದಲ್ಲಿ ನಿಮಗೆ ಗೊತ್ತಾಗಲಿಕ್ಕಿಲ್ಲ. ನಮ್ಮ ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ನಿಮಗೆ ಒಂದು ಕಾಗದವನ್ನೂ ಬರೆದಿರಲಿಲ್ಲ. ಮಗಳು ಬರೆದುಕೊಡುತ್ತೇನೆ ಎಂದಳು, ಬೇಡ ಎಂದೆ.

ಇಪ್ಪತ್ತಾರರಂದು ನಾನೂ ಬಂದಿದ್ದೆ. ಹಿಂದಿನ ಬೆಂಚಿನಲ್ಲಿ, ಕಂಬದ ಪಕ್ಕ. ನೀವು ನೋಡಲಿಲ್ಲ. ನಿಮ್ಮ ವಕೀಲರು ಹವ್ಯಾಸ, ಹವ್ಯಾಸ ಎಂದು ಹತ್ತು ಸಲ ಹೇಳಿದರು. ಆಮೇಲೆ ನಿಮ್ಮ ಸರದಿ ಬಂತು. ಎಡಗೈಯಲ್ಲಿ ಬಲಗೈಯನ್ನು ಎತ್ತಿ ಕಟಕಟೆಯ ಮೇಲೆ ಇಟ್ಟುಕೊಂಡಿರಿ. “ನನ್ನ ವಕೀಲರು ಹೇಳಿದ್ದು ಸರಿ ಇಲ್ಲ ಸ್ವಾಮಿ, ನಾನು ಕೇಳಿದ್ದೆ, ಅವನು ಹೇಳಿದ್ದ” ಎಂದಿರಿ. ಮೊನೆಯ ವಿಷಯವನ್ನೂ ಹೇಳಿದಿರಿ. ಗೊತ್ತಿದ್ದೂ ಯಾಕೆ ಕೊಟ್ಟಿರಿ ಎಂದು ನ್ಯಾಯಾಧೀಶರು ಕೇಳಿದಾಗ, “ಕೆಲಸ ಚೆನ್ನಾಗಿ ಬಂದಿತ್ತು” ಎಂದಿರಿ. ಸತ್ತವಳ ಗಂಡ ಬೆಂಚಿಗೆ ಹಣೆ ಚಚ್ಚಿಕೊಂಡು ಅತ್ತ. ಅವನನ್ನು ಹಿಡಿದುಕೊಂಡವರಲ್ಲಿ ನಾನೂ ಒಬ್ಬಳು. ಹಣೆಯಿಂದ ರಕ್ತ ಸುರಿದು ನನ್ನ ಸೆರಗಿಗಾಯಿತು.

ಐದು ವರ್ಷ ಎಂದರು. ಮಗಳು ಮುಖ ಮುಚ್ಚಿಕೊಂಡಳು. ನನಗೆ ಅಳು ಬರಲಿಲ್ಲ. ನೀವು ನಿಜ ಹೇಳಿದಿರಿ, ಅದಕ್ಕೆ ನನ್ನ ಮನಸ್ಸಿನಲ್ಲಿ ಮರ್ಯಾದೆ ಇದೆ. ಯಾಕೆ ನಕ್ಕಿರಿ ಎಂದು ಕೇಳಿದ್ದ ಆ ಹುಡುಗಿಗೆ ಉತ್ತರ ಸಿಕ್ಕಿತು.

ಆದರೆ ನಿಮ್ಮ ಜೂನ್ ತಿಂಗಳ ಕಾಗದದಲ್ಲಿ ಒಂದೆರಡು ಸಲ ಎಂದು ಬರೆದಿದ್ದೀರಿ. ಮಗಳು ಬಿಟ್ಟು ಓದಲು ನೋಡಿದ ಸಾಲು ಅದೇ. ಕೋರ್ಟಿನಲ್ಲಿ ಯಾರದೋ ಹೆಂಡತಿಯ ವಿಷಯ ನಿಜ ಹೇಳಿದವರು ನಿಮ್ಮ ಹೆಂಡತಿಯ ವಿಷಯಕ್ಕೆ ಬಂದಾಗ ಕೈ ಬಿಗಿ ಹಿಡಿದಿರಿ. ನಿಮಗೆ ನೆನಪಿಲ್ಲದಿದ್ದರೆ ಒಂದನ್ನು ಮಾತ್ರ ಹೇಳುತ್ತೇನೆ. ಪುಟ್ಟಿಗೆ ನಾಲ್ಕು ತುಂಬಿತ್ತು, ನನಗೆ ಮತ್ತೆ ಐದು ತಿಂಗಳಾಗಿತ್ತು. ಒಗೆದ ಬಟ್ಟೆ ಹರವುತ್ತಿದ್ದೆ. ನಿಮ್ಮ ಬೂಟು ಕಾಲು ಎಲ್ಲಿ ಬಿತ್ತು ಎಂದು ನಿಮಗೆ ಗೊತ್ತು. ಆಸ್ಪತ್ರೆಯಲ್ಲಿ ನರ್ಸ್ ಹೇಗಾಯಿತು ಎಂದು ಕೇಳಿದಳು. ಮೆಟ್ಟಿಲಿನಿಂದ ಬಿದ್ದೆ ಎಂದೆ. ನಮ್ಮ ಮನೆಗೆ ಮೆಟ್ಟಿಲೇ ಇರಲಿಲ್ಲ. ಗಂಡು ಮಗು ಎಂದು ಆಮೇಲೆ ಹೇಳಿದರು. ಇದು ಪುಟ್ಟಿಗೆ ಈ ವಾರದವರೆಗೆ ಗೊತ್ತಿರಲಿಲ್ಲ. ಈಗ ಹೇಳಿದ್ದೇನೆ.

ನಾವು ಮನೆ ಬದಲಾಯಿಸಿದ್ದೇವೆ. ಆ ಹುಡುಗಿಗೆ ಅಕ್ಕನ ಮನೆಯಲ್ಲಿ ಇರಲಾಗಲಿಲ್ಲ, ಗೋಡೆ ಗೋಡೆಯಲ್ಲೂ ಅಕ್ಕನೇ ಕಾಣುತ್ತಾಳೆ ಎಂದಳು. ಪುಟ್ಟಿ ಕರೆದುಕೊಂಡು ಬಂದಳು. ಮೂವರೂ ಒಟ್ಟಿಗಿದ್ದೇವೆ. ಮೊದಮೊದಲು ಅವಳಿಗೆ ಅಡುಗೆ ಮನೆಗೆ ಬರಲು ಆಗುತ್ತಿರಲಿಲ್ಲ. ನಾನು ತರಕಾರಿ ಹೆಚ್ಚುವಾಗ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಸದ್ದು ಕೇಳಿದರೂ ನಡುಗುತ್ತಿದ್ದಳು, ಅದಕ್ಕೇ ಹಲಗೆಯ ಮೇಲೆ ಬಟ್ಟೆ ಹಾಸುತ್ತಿದ್ದೆ. ಮೊನ್ನೆ ತಾನಾಗಿಯೇ ಬಂದು ಪಕ್ಕದಲ್ಲಿ ನಿಂತಳು. ಎಡಗೈಯಲ್ಲಿ ಚಾಕು ತೆಗೆದುಕೊಂಡು ಒಂದು ಆಲೂಗಡ್ಡೆ ಹೆಚ್ಚಿದಳು. ಒಂದು ತುಂಡು ಬೆಟ್ಟದಷ್ಟು, ಒಂದು ಕಡಲೆಯಷ್ಟು. ಬೆವರಿ ಹೋಗಿದ್ದಳು. “ಸಾಕಾ ಅಮ್ಮಾ?” ಎಂದು ಕೇಳಿದಳು. “ಇನ್ನೊಂದಿದೆ” ಎಂದು ಕೊಟ್ಟೆ.

ಮಗಳು ನಿಮ್ಮನ್ನು ನೋಡಲು ಬರುತ್ತೇನೆ ಎನ್ನುತ್ತಾಳೆ. ತಡೆಯುವುದಿಲ್ಲ, ನೀವು ಅವಳಿಗೆ ಅಪ್ಪ. ನಾನು ಬರುವುದಿಲ್ಲ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಯೋಚಿಸಿ ಬರೆಯುತ್ತಿದ್ದೇನೆ. ಕೈಗೆ ಔಷಧಿ ಹಚ್ಚಿಸಿಕೊಳ್ಳಿ. ಊಟ ಬಿಡಬೇಡಿ. ಬಿಡುಗಡೆಯಾಗುವ ದಿನ ಯಾರ ಮನೆಗೆ ಹೋಗಲಿ ಎಂದು ಯೋಚನೆ ಬಂದರೆ, ಈ ಮನೆಯನ್ನು ಬಿಟ್ಟು ಯೋಚಿಸಿ.

ಪುಟ್ಟಿಯ ಅಮ್ಮ